ಭೂಮಿ ಹಗುರವಾದ ಮೂಲೆ

ತಾರೀಕು ಹದಿನಾಲ್ಕು, ಶನಿವಾರ
ಮನೆಯ ಮುಂದಿನ ಕೋಣೆಯಿಂದ

ನನ್ನ ಅಲ್ಪಪ್ರಾಣಕ್ಕೆ,

‘ಆಶೀರ್ವಾದಗಳು’ ಎಂದು ಆರಂಭಿಸಿದ್ದೆ. ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಆಶೀರ್ವಾದವೆಂಬುದು ಮೇಲಿನಿಂದ ಕೆಳಕ್ಕೆ ಇಳಿಯತಕ್ಕದ್ದು. ಸದ್ಯಕ್ಕೆ ನಾನು ನಿನಗಿಂತ ಮೇಲೆ ನಿಂತಿದ್ದೇನೆಂದು ನನಗೆ ತೋರುತ್ತಿಲ್ಲ. ಆದ್ದರಿಂದ ಹಳೆಯ ಅಡ್ಡಹೆಸರಿನಿಂದಲೇ ಕರೆದಿದ್ದೇನೆ. ಅದನ್ನೂ ಕರೆಯುವ ಅಧಿಕಾರ ಉಳಿದಿಲ್ಲವೆಂದು ನೀನು ಅಂದರೆ ಒಪ್ಪುತ್ತೇನೆ.

ಅಮ್ಮ ಕ್ಷೇಮ. ಮೊಣಕಾಲು ನೋವು ಇದ್ದಂತೆಯೇ ಇದೆ. ನೀನು ಅವಳ ಫೋನನ್ನು ಎತ್ತುತ್ತೀಯೆ, ನನ್ನದನ್ನು ಎತ್ತುವುದಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ; ಪತ್ರ ಬರೆಯಲು ಕಾರಣವೆಂದು ಹೇಳುತ್ತಿದ್ದೇನೆ. ಅವಳ ಕೈಯಲ್ಲಿ ಹೇಳಿಸಬಹುದಿತ್ತು. ಕೇಳಿಯೂ ನೋಡಿದೆ. “ನಿಮ್ಮ ಬಾಯಿಂದ ಹೋದದ್ದು ನಿಮ್ಮ ಬಾಯಿಂದಲೇ ವಾಪಸ್ ಬರ್ಲಿ, ನಾನು ಅಂಚೆಯವಳಲ್ಲ” ಎಂದು ಒಳಗೆ ಹೋದಳು.

ಪತ್ರದ ವಿಷಯವನ್ನು ಮೊದಲ ಪುಟದಲ್ಲೇ ಹೇಳಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ವಿಷಯ ಇದು. ಶಾಲೆಯ ಸಭಾಂಗಣದ ಬಲ ಮೂಲೆ ಕುಸಿದ ಸಂಗತಿ ನಿನಗೆ ಗೊತ್ತಿದೆ. ಅದಕ್ಕೆ ಅಂಟಿಕೊಂಡಿರುವ ಚಿಕ್ಕ ಮಕ್ಕಳ ಸಾಲು ಕೊಠಡಿಗಳನ್ನು ಅಂದಿನಿಂದ ಮುಚ್ಚಲಾಗಿದೆ. ಈ ತಿಂಗಳ ಕೊನೆಗೆ ಅವನ್ನು ತೆರೆಯಬೇಕೆಂದು ಆಡಳಿತ ಮಂಡಳಿ ಹಟ ಹಿಡಿದಿದೆ. “ಕೆಟ್ಟದ್ದು ಮೂಲೆ, ಅದು ಬಿತ್ತು, ಇನ್ನೇನಿದೆ” ಎಂಬುದು ಅವರ ವಾದ. ನೀನು ಆ ಕೊಠಡಿಗಳ ಅರ್ಧವನ್ನು ಮಾತ್ರ ಅಳೆದಿದ್ದೆ. ಉಳಿದರ್ಧ ಅಳೆಯುವ ಮೊದಲೇ ನಿನ್ನನ್ನು ವಾಪಸು ಕಳುಹಿಸಲಾಯಿತು. ವಿಚಾರಣೆಗೆ ಬಂದಿರುವ ಅಧಿಕಾರಿಣಿ, ಕೆಲಸ ಮುಗಿಸಿಕೊಡಲು ನೀನೇ ಬರಬೇಕೆಂದು ನಿನ್ನ ಕಚೇರಿಗೆ ಬರೆದರು. ನೀನು ಕೊಟ್ಟ ಉತ್ತರವನ್ನು ಅವರು ನನಗೆ ಓದಿ ಹೇಳಿದರು: ‘ನನ್ನ ಭಾಷೆ ಆ ಶಾಲೆಯವರಿಗೆ ಅರ್ಥವಾಗುವುದಿಲ್ಲ. ಭಾಷೆ ಬಲ್ಲ ಬೇರೊಬ್ಬರನ್ನು ಕಳುಹಿಸುವುದು ಉತ್ತಮ.’

ಆ ವಾಕ್ಯಗಳಲ್ಲಿ ತಪ್ಪಿಲ್ಲ. ನಾನು ಹುಡುಕಿದೆ.

ನಿನ್ನ ಕಚೇರಿಯಲ್ಲಿ ಆ ಉಪಕರಣವನ್ನು ಬಲ್ಲ ಇನ್ನೊಬ್ಬರು ದೂರದ ಅಣೆಕಟ್ಟೆಯೊಂದರ ಕೆಲಸದಲ್ಲಿದ್ದಾರಂತೆ; ಅವರು ಬರುವುದು ಮಳೆ ಮುಗಿದ ಮೇಲೆ. ಮಂಡಳಿ ಅಷ್ಟು ಕಾಯುವುದಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ: ಬಾ. ನನಗಾಗಿ ಬೇಡ. ನೆಲಕ್ಕೆ ಚಾಪೆ ಹಾಸಿಕೊಂಡು ಕೂರುವ ಆ ಚಿಕ್ಕವರಿಗಾಗಿ ಬಾ. ಪತ್ರ ಇಲ್ಲಿಗೇ ಮುಗಿಸಬಹುದು. ಆದರೆ ಕೇಳುವ ಬಾಯಿ ಎಂಥದೆಂದು ಹೇಳದೆ ಕೇಳುವುದು ಅರ್ಜಿಯಾಗುತ್ತದೆ, ಪತ್ರವಾಗುವುದಿಲ್ಲ.

ನೀನು ಉಪಕರಣ ಹೊತ್ತು ಬಂದ ದಿನಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಶಾಲೆಯ ಗೋಡೆಗಳು ಬಿರುಕು ಬಿಟ್ಟಿದ್ದವು; ನೆಲ ಪರೀಕ್ಷೆಯ ಕಚೇರಿಯವರು ಯಾರನ್ನಾದರೂ ಕಳುಹಿಸಬೇಕಿತ್ತು; ನಿನ್ನ ಊರಿನ ಶಾಲೆ, ನೀನೇ ಓದಿದ ಶಾಲೆ ಎಂದು ನೀನು ಕೇಳಿ ಪಡೆದು ಬಂದೆ. ಆ ಪೆಟ್ಟಿಗೆಯನ್ನು ಕೂಸಿನಂತೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿದ್ದನ್ನು ಕಂಡು ಅಮ್ಮ, “ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಮಗು ಬಂತು, ಅದೂ ಕಬ್ಬಿಣದ್ದು” ಎಂದು ಹಾಸ್ಯ ಮಾಡಿದಳು. ಊಟದ ಮೇಜಿನ ಮೇಲೆ ಅದನ್ನಿಟ್ಟು ಮಟ್ಟ ಸರಿಪಡಿಸುತ್ತಿದ್ದಾಗ, ಇದು ಏನನ್ನು ತೂಗುತ್ತದೆಂದು ಕೇಳಿದಳು. “ಏನನ್ನೂ ತೂಗಲ್ಲಮ್ಮ, ತನ್ನನ್ನೇ ತೂಗಿಕೊಳ್ಳುತ್ತೆ” ಎಂದೆ ನೀನು. ಒಳಗೆ ಕೂದಲಿನಂಥ ತಂತಿಯ ಸುರುಳಿಯಲ್ಲಿ ಒಂದು ಪುಟ್ಟ ಗುಂಡು ತೂಗುತ್ತಿದೆ. ಆ ಗುಂಡಿನಲ್ಲಿರುವ ದ್ರವ್ಯ ಎಲ್ಲಿಗೆ ಹೋದರೂ ಅಷ್ಟೇ. ಆದರೆ ಕೆಳಗಿನ ನೆಲ ಅದನ್ನು ಎಳೆಯುವ ಬಲ ಎಲ್ಲ ಕಡೆ ಒಂದೇ ಅಲ್ಲ. ಕೆಳಗೆ ಗಟ್ಟಿ ಬಂಡೆಯಿದ್ದರೆ ಎಳೆತ ಕೂದಲೆಳೆಯಷ್ಟು ಹೆಚ್ಚು, ಪೊಳ್ಳಿದ್ದರೆ ಕೂದಲೆಳೆಯಷ್ಟು ಕಡಿಮೆ. ಗುಂಡು ಅಷ್ಟೇ ಏರಿಳಿಯುತ್ತದೆ. ಅಮ್ಮ ಒಂದು ಕ್ಷಣ ಯೋಚಿಸಿ, “ಹಾಗಾದ್ರೆ ಇದು ತಕ್ಕಡಿ ಅಲ್ಲ, ನೆಲದ ನಾಡಿ ನೋಡೋ ಡಾಕ್ಟ್ರು” ಎಂದಳು. ನೀನು ಅವಳ ಕೆನ್ನೆ ಹಿಂಡಿದೆ. ನಾನು ಮಾತಿನ ನಡುವೆ ಬಾಯಿ ಹಾಕಲು ಸಂದು ಹುಡುಕುತ್ತಿದ್ದೆ.

ಸಂದು ಸಿಕ್ಕಿತು. ನೆಲವಾದರೂ ಯಾಕೆ ಎಳೆಯಬೇಕು ಎಂದು ಅಮ್ಮ ಕೇಳಿದಳು. “ಗುರುತ್ವಾಕರ್ಷಣೆಯಿಂದ” ಎಂದೆ ನಾನು, ಪ್ರಶ್ನೆಗೆ ಕಾದಿದ್ದವನಂತೆ. ನೀನು ನಕ್ಕೆ. “ಅಪ್ಪ, ಅದು ಅದರ ಹೆಸರು, ಕಾರಣ ಅಲ್ಲ. ಕಳ್ಳ ಯಾಕೆ ಕದ್ದ ಅಂದ್ರೆ ಕಳ್ಳತನದಿಂದ ಅಂದ ಹಾಗಾಯ್ತು.” ಮಾತು ಸರಿಯಾಗಿತ್ತು. ಹೆಸರಿಟ್ಟರೆ ಅರ್ಥವಾಯಿತೆಂದು ತಿಳಿಯುವುದು ಮೇಷ್ಟರ ರೋಗ. ನಾನಂತೂ ಆ ಪದವನ್ನು ಹಲಗೆಯ ಮೇಲೆ ದುಂಡಗೆ ಬರೆಯುವಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದೆ. ಗುರು ಎಂದರೆ ಭಾರವಾದದ್ದು. ಗುರು ಎಂದರೆ ಮೇಷ್ಟರು. ಲೋಕವನ್ನು ಹಿಡಿದಿಟ್ಟಿರುವ ಬಲದ ಹೆಸರಿನಲ್ಲೇ ನನಗೊಂದು ಕುರ್ಚಿ ಇದೆಯೆಂಬ ಭಾವ.

ಆಮೇಲೆ ನೀನು ಅಮ್ಮನನ್ನು ಹತ್ತಿಯ ಹಾಸಿಗೆಯ ನಡುವೆ ಕೂರಿಸಿ, ಅವಳ ಉಣ್ಣೆಯ ಉಂಡೆಯನ್ನು ಅಂಚಿನಲ್ಲಿಟ್ಟೆ. ಉಂಡೆ ಉರುಳಿ ಅವಳ ಮಡಿಲಿಗೆ ಬಂತು. “ನೀನು ಕರೆದೆಯಾ ಅದನ್ನ? ದಾರ ಕಟ್ಟಿ ಎಳೆದೆಯಾ? ಇಲ್ಲ. ನೀನು ಕೂತದ್ದಕ್ಕೆ ಹಾಸಿಗೆ ತಗ್ಗಾಯ್ತು, ಉಂಡೆ ತಗ್ಗಿನ ದಾರಿ ಹಿಡೀತು ಅಷ್ಟೇ. ದ್ರವ್ಯ ಎಲ್ಲಿದೆಯೋ ಅಲ್ಲಿ ಸುತ್ತಲಿನ ಜಾಗವೇ ಬಾಗುತ್ತೆ, ಕಾಲವೂ ಬಾಗುತ್ತೆ. ಹೆಚ್ಚು ದ್ರವ್ಯ, ಹೆಚ್ಚು ಬಾಗು. ನಾವು ಅದನ್ನ ಎಳೆತ ಅಂತೀವಿ.” ಉಪಮೆ ಪೂರ್ತಿ ಹೊಂದುವುದಿಲ್ಲ, ಹಾಸಿಗೆ ಅಗಲವಷ್ಟೇ, ಜಾಗ ಎಲ್ಲ ದಿಕ್ಕಿಗೂ ಇದೆ ಎಂದು ನೀನೇ ಸೇರಿಸಿದೆ. ದ್ರವ್ಯ ಯಾಕೆ ಬಾಗಿಸುತ್ತದೆಂದು ಕೇಳಿದರೆ ತನಗೂ ಗೊತ್ತಿಲ್ಲ, ಬಹುಶಃ ಯಾರಿಗೂ ಪೂರ್ತಿ ಗೊತ್ತಿಲ್ಲ ಎಂದೂ ಹೇಳಿದೆ. ಉಂಡೆಯೂ ಅಮ್ಮನನ್ನು ಅಷ್ಟೇ ಬಲದಿಂದ ಸೆಳೆಯುತ್ತದೆ, ಅಮ್ಮ ಭಾರವಾದ್ದರಿಂದ ಕದಲುವುದಿಲ್ಲ ಎಂದಾಗ ಅವಳು, “ನನ್ನ ತೂಕದ ಸುದ್ದಿ ಬೇಡ” ಎಂದಳು. “ತೂಕವಲ್ಲ, ದ್ರವ್ಯರಾಶಿ” ಎಂದು ನಾನು ತಿದ್ದಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ದಿಂಬು ಎಸೆದಿರಿ. ಅಷ್ಟು ಸುಖವಾಗಿ ಈ ಮನೆಯಲ್ಲಿ ಮತ್ತೆ ಯಾರೂ ನಕ್ಕಿಲ್ಲ.

ಅಳತೆ ಮುಗಿಯುತ್ತ ಬಂದಂತೆ ನೀನು ಮಾತು ಕಡಿಮೆ ಮಾಡಿದೆ. ಸಂಜೆ ಬಂದವಳೇ ಕೋಣೆ ಸೇರಿ ವರದಿ ಬರೆಯುತ್ತ ಕೂರುತ್ತಿದ್ದೆ. ನೀನು ವರದಿ ಓದಬೇಕಿದ್ದ ಮಂಡಳಿಯ ಸಭೆಯ ಹಿಂದಿನ ದಿನ ನಾನು ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತೆ. ನಿನ್ನ ಮೊದಲ ಪ್ರಬಂಧದಿಂದ ಹಿಡಿದು ಕೆಲಸದ ಅರ್ಜಿಯವರೆಗೆ ನನ್ನ ಪೆನ್ನು ತಾಗದ ಹಾಳೆ ನಿನ್ನಲ್ಲಿರಲಿಲ್ಲ. ಇದೂ ಹಾಗೆಯೇ ಎಂದುಕೊಂಡಿದ್ದೆ. ನೀನು ತಲೆಯೆತ್ತದೆ, “ಇದು ನಿಮ್ಮ ಪೆನ್ನಿಗಲ್ಲ ಅಪ್ಪ. ಇದರಲ್ಲಿ ನಾನು ಹೇಳಿದ್ದು ಹೇಳಿದ ಹಾಗೇ ಇರ್ಬೇಕು” ಎಂದೆ. ಕಟುವಾಗಿ ಹೇಳಲಿಲ್ಲ, ದಣಿದಿದ್ದೆ ಅಷ್ಟೆ. ನಾನು “ಸರಿ” ಎಂದು ಬಂದು ಪತ್ರಿಕೆ ಓದಿದೆ. ಪತ್ರಿಕೆಯಲ್ಲಿ ಏನಿತ್ತೆಂದು ಕೇಳಿದರೆ ಈಗಲೂ ಹೇಳಲಾರೆ.

ಮರುದಿನ ಸಭಾಂಗಣದಲ್ಲಿ ಮಂಡಳಿಯವರೆಲ್ಲ ಸೇರಿದ್ದರು. ಅಧ್ಯಕ್ಷರು, ಔಷಧದ ಅಂಗಡಿಯವರು, ಛಾಪಖಾನೆಯವರು, ಹಿರಿಯ ವಕೀಲರು. ಒಬ್ಬರನ್ನುಳಿದು ಎಲ್ಲರೂ ನನ್ನ ಹಳೆಯ ವಿದ್ಯಾರ್ಥಿಗಳು; ಅವರ ಮೇಷ್ಟರೆಂದು ನನ್ನನ್ನೂ ಕರೆದಿದ್ದರು. ಪರೀಕ್ಷೆಗಳು ಎದುರಿಗಿದ್ದವು. ಸಭಾಂಗಣ ಮುಚ್ಚಿದರೆ ಮಕ್ಕಳನ್ನು ಕೂರಿಸಲು ಬೇರೆ ಜಾಗವಿರಲಿಲ್ಲ. ಹೇಗಾದರೂ ಒಂದು ‘ಆದರೆ’ ಸಿಗಲಿ ಎಂದು ಅವರು ಬಂದಿದ್ದರು. ಅದು ಅವರ ಮುಖದಲ್ಲೇ ಇತ್ತು. ನಿನಗೂ ಕಂಡಿರಬೇಕು. ನೀನು ಎದ್ದು ಓದತೊಡಗಿದೆ. “ಸಭಾಂಗಣದ ಬಲ ಮೂಲೆಯಲ್ಲಿ ಬೂಮಿ ಹಗುರವಾಗಿದೆ. ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ.”

‘ಬೂಮಿ’. ಮಗುವಾಗಿದ್ದಾಗ ನಿನ್ನ ನಾಲಿಗೆಗೆ ಮಹಾಪ್ರಾಣ ಹೊರಳುತ್ತಿರಲಿಲ್ಲ. ಭಾರ ಬಾರವಾಗುತ್ತಿತ್ತು, ಘಂಟೆ ಗಂಟೆಯಾಗುತ್ತಿತ್ತು. ಅದಕ್ಕೇ ನಿನಗೆ ಅಲ್ಪಪ್ರಾಣವೆಂದು ಹೆಸರಿಟ್ಟೆ. “ಅಷ್ಟು ಮುದ್ದಾದ ಮಗೂಗೆ ಅಲ್ಪ ಅಂತ ಕರೀತಾರೇನ್ರೀ?” ಎಂದು ಅಮ್ಮ ಜಗಳವಾಡಿದ್ದಳು. ದೊಡ್ಡವಳಾಗುತ್ತ ಸರಿಪಡಿಸಿಕೊಂಡೆ. ಹೆದರಿದಾಗ ಮಾತ್ರ ಅದು ಮರಳಿ ಬರುತ್ತದೆ. ಇದು ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತು. ಆ ಇಬ್ಬರಲ್ಲಿ ಒಬ್ಬನು ಎದ್ದು ನಿಂತು, “ಭೂಮಿ. ಮಹಾಪ್ರಾಣ” ಎಂದನು.

ಸಭೆಯಲ್ಲಿ ಕಿಸಕ್ಕೆಂದಿತು. ಅಲ್ಲಿಗೇ ಕೂರಬಹುದಿತ್ತು. ನಗು ಬೆಂಬಲವಾಗಿ ನಿಂತಾಗ ಮೇಷ್ಟರು ಕೂರುವುದು ಕಷ್ಟ. ಹಗುರವೆಂಬುದು ತೂಕದ ಮಾತು, ಭೂಮಿಯನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಿದಿರಿ ಎಂದೆ. ನಿನ್ನನ್ನು ಬಹುವಚನದಲ್ಲಿ ಸಂಬೋಧಿಸಿದ್ದು ಗೌರವಕ್ಕಲ್ಲ. ಇಲ್ಲಿರಬೇಕಾದ ಪದ ದ್ರವ್ಯರಾಶಿ ಎಂದೆ. ನೀನು, “ಸರಿ, ದ್ರವ್ಯರಾಶಿ ಅಂತಲೇ ಇಟ್ಕೊಳ್ಳಿ. ಅಲ್ಲಿ ದ್ರವ್ಯರಾಶಿ ಕಡಿಮೆ ಇದೆ” ಎಂದೆ. ಆಗ ನಾನು ಮಂಡಳಿಯ ಕಡೆ ತಿರುಗಿ, ತರಗತಿಯಲ್ಲಿ ಮಾಡುತ್ತಿದ್ದಂತೆ ಬೆರಳೆತ್ತಿ, “ದ್ರವ್ಯರಾಶಿ ಸ್ಥಳದಿಂದ ಸ್ಥಳಕ್ಕೆ...” ಎಂದು ನಿಲ್ಲಿಸಿದೆ. ನರೆತ ತಲೆಗಳು, ಬೋಳು ತಲೆಗಳು ಎಲ್ಲ ಸೇರಿ ರಾಗವಾಗಿ, “ಬದಲಾಗುವುದಿಲ್ಲ ಸಾರ್!” ಎಂದವು.

ಚಪ್ಪಾಳೆ ಬಿತ್ತು. ವಕೀಲರು ಕಣ್ಣೊರೆಸಿಕೊಂಡರು. “ಸಾರ್ ಪಾಠ ಅಂದ್ರೆ ಪಾಠ. ಇನ್ನೂ ತಲೇಲಿದೆ ನೋಡಿ” ಎಂದರು ಅಧ್ಯಕ್ಷರು. ವರದಿಯನ್ನು ಭಾಷೆ ತಿದ್ದಿ ಮರುಸಲ್ಲಿಸತಕ್ಕದ್ದೆಂದು ನಿರ್ಣಯವಾಯಿತು. ಉಳಿದ ಅಳತೆಯನ್ನು ಅಲ್ಲಿಯವರೆಗೆ ನಿಲ್ಲಿಸಲಾಯಿತು. ನೀನು ಹಾಳೆಗಳನ್ನು ಜೋಡಿಸಿಕೊಂಡೆ, ಅಂಚು ಸಮನಾಗುವವರೆಗೆ ಮೇಜಿಗೆ ತಟ್ಟಿದೆ. ನನ್ನನ್ನು ನೋಡಲಿಲ್ಲ. ನೀನು ಸಂಜೆಯ ಬಸ್ಸಿಗೆ ಹೊರಟಾಗ ಪೆಟ್ಟಿಗೆ ಹಿಡಿಯಲು ನಾನು ಕೈ ಚಾಚಿದೆ. “ಬೇಡ, ಇದಕ್ಕೆ ಅಲುಗಾಟ ಆಗೋಲ್ಲ” ಎಂದೆ ನೀನು.

ಮಂಡಳಿಯವರು ರಾಗವಾಗಿ ಒಪ್ಪಿಸಿದ ಆ ವಾಕ್ಯ ಪಠ್ಯಪುಸ್ತಕದ ವಾಕ್ಯ. ಅದು ಸರಿ. ಒಂದು ವಸ್ತುವನ್ನು ಬೆಟ್ಟಕ್ಕೊಯ್ದರೂ ಚಂದ್ರನಿಗೊಯ್ದರೂ ಅದರ ದ್ರವ್ಯರಾಶಿ ಅಷ್ಟೇ ಇರುತ್ತದೆ. ತೂಕ ಮಾತ್ರ ಬದಲಾಗುತ್ತದೆ. ಆದರೆ ನೆಲ ಒಂದು ವಸ್ತುವಲ್ಲ, ಅದನ್ನು ಯಾರೂ ಎಲ್ಲಿಗೂ ಒಯ್ಯುತ್ತಿಲ್ಲ. ಇಲ್ಲಿ ಬಂಡೆ, ಅಲ್ಲಿ ಮಣ್ಣು, ಮತ್ತೊಂದೆಡೆ ಹಿಂದಿನವರು ಸುಣ್ಣದ ಕಲ್ಲು ತೆಗೆದು ಬಿಟ್ಟುಹೋದ ಸುರಂಗ. ಸುರಂಗವಿರುವಲ್ಲಿ ದ್ರವ್ಯ ಕಡಿಮೆ. ದ್ರವ್ಯ ಕಡಿಮೆಯಿರುವಲ್ಲಿ ಸೆಳೆತ ಕಡಿಮೆ. ಸೆಳೆತ ಕಡಿಮೆಯಿರುವಲ್ಲಿ ನಿನ್ನ ಗುಂಡು ನಿಜವಾಗಿಯೂ ಹಗುರ. ನೀನು ಆ ಸರಪಳಿಯನ್ನೆಲ್ಲ ಒಂದೇ ಪದದಲ್ಲಿ ಹೇಳಿದ್ದೆ, ಕೇಳುವವರಿಗೆ ಥಟ್ಟನೆ ತಿಳಿಯಲೆಂದು. ನಾನು ಸರಿಯಾದ ವಾಕ್ಯವನ್ನು ತಪ್ಪಾದ ಜಾಗಕ್ಕೆ ಹೊಡೆದೆ. ತಪ್ಪು ವಾಕ್ಯವಾಗಿದ್ದರೆ ಯಾರಾದರೂ ಎದುರು ಹೇಳುತ್ತಿದ್ದರು.

ಕುಸಿತದ ಬೆಳಿಗ್ಗೆಯ ಬಗ್ಗೆ ಅಮ್ಮ ಎಷ್ಟು ಹೇಳಿದ್ದಾಳೋ ತಿಳಿಯದು. ಮಕ್ಕಳು ಇನ್ನೂ ಬಂದಿರಲಿಲ್ಲ. ಗಂಟೆ ಬಾರಿಸುವ ನಮ್ಮ ಗಂಟೆಯಣ್ಣ (ಅವನ ಹೆಸರಿಗೆ ಮಹಾಪ್ರಾಣ ಹಾಕಲು ನಾನು ಎಂದೂ ಹೋಗಲಿಲ್ಲ, ಎಲ್ಲರೂ ನಿನ್ನಂತೆಯೇ ಕರೆಯುತ್ತಾರೆ) ಆ ಮೂಲೆಯಲ್ಲಿ ಗುಡಿಸುತ್ತಿದ್ದ. ಹಾಸುಗಲ್ಲುಗಳು ಸದ್ದಿಲ್ಲದೆ ಒಳಗೆ ಹೋದವಂತೆ, ನೀರೊಳಗೆ ತಟ್ಟೆ ಜಾರಿದಂತೆ. ಸೊಂಟದ ಮೂಳೆ ಮುರಿದಿದೆ. ಬದುಕಿದ್ದಾನೆ, ಮಾತಾಡುತ್ತಾನೆ, ಆದರೆ ಇನ್ನು ಗಂಟೆಯ ಕಂಬದವರೆಗೆ ನಡೆಯುವುದು ಅನುಮಾನವೆಂದು ವೈದ್ಯರು ಹೇಳಿದ್ದಾರೆ. ಆಸ್ಪತ್ರೆಗೆ ಹೋದೆ. ಹಾಸಿಗೆಯ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಕೂತೆ, ಗ್ಲುಕೋಸಿನ ಬಾಟಲಿ ನೋಡಿದೆ. ಅವನೇ ನನ್ನನ್ನು ಸಮಾಧಾನ ಮಾಡಿದ. “ನಿಮ್ಮ ಪಾಠ ಮರೆತಿಲ್ಲ ಮೇಷ್ಟ್ರೇ, ಬೀಳ್ತಾ ಬೀಳ್ತಾ ಗುರುತ್ವಾಕರ್ಷಣೆ ಅಂದ್ಕೊಂಡೆ. ಆದ್ರೆ ಆಕರ್ಷಣೆ ಏನೂ ಇರ್ಲಿಲ್ಲ, ಬರೀ ಗುರುತ್ವ!” ನಕ್ಕಾಗ ನೋವಾಗಿ ಮುಖ ಕಿವುಚಿದ. ಅವನ ಹೆಂಡತಿ ನಗಲಿಲ್ಲ. ಅವಳು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಅಮ್ಮನೊಡನೆ, ಯಾರಾದರೂ ಹೀಗಾಗುತ್ತದೆಂದು ಊಹಿಸಲು ಸಾಧ್ಯವಿತ್ತೇ ಎಂದೆ. ಅವಳು ತೊಳೆದ ಲೋಟಗಳನ್ನು ಬೋರಲು ಹಾಕುತ್ತಿದ್ದಳು. “ಊಹಿಸೋದು ಯಾಕೆ? ಒಬ್ಬಳು ಅಳೆದು ಹೇಳಿದ್ಲಲ್ಲ. ಅವಳು ಅಳೆದದ್ದು ನೆಲಾನ, ನೀವು ಅಳೆದದ್ದು ಅವಳ ನಾಲಿಗೇನ.” ಅಂದಿನಿಂದ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಉಪ್ಪು, ಔಷಧಿ, ಬಾಗಿಲ ಚಿಲಕ.

ಅಧಿಕಾರಿಣಿ ನನ್ನನ್ನೂ ಕರೆಸಿದರು. ಮುಖ್ಯೋಪಾಧ್ಯಾಯಿನಿಯ ಕೋಣೆ, ಹಿಂದೆ ನಾನು ಮಕ್ಕಳನ್ನು ಕರೆಸಿ ವಿಚಾರಿಸುತ್ತಿದ್ದ ಅದೇ ಹಸಿರು ಬಟ್ಟೆ ಹಾಸಿದ ಮೇಜು. ಈ ಬಾರಿ ನಾನು ಎದುರಿನ ಕುರ್ಚಿಯಲ್ಲಿ. ಅವರು ಕಡಿಮೆ ಮಾತಿನವರು. ವರದಿ ನಿಮಗೆ ಅರ್ಥವಾಗಿತ್ತೇ ಎಂದು ಕೇಳಿದರು. ಅರ್ಥವಾಗಿತ್ತು ಎಂದೆ. ಮತ್ತೇಕೆ ಹಾಗೆ ಮಾತಾಡಿದಿರಿ ಎಂದರು. ಅರ್ಥವಾಗಿತ್ತು, ಆದರೆ ನಂಬಿಕೆ ಬಂದಿರಲಿಲ್ಲ ಎಂದು ಉತ್ತರಿಸಿದೆ. ಹಾಗೆಯೇ ಬರೆದುಕೊಂಡರು. ಅವರು ನಿನ್ನ ಉತ್ತರವನ್ನು ಓದಿ ಹೇಳಿದ್ದು ನಾನು ಹೊರಡಲು ಎದ್ದಾಗ.

ಮೊನ್ನೆ ಮಂಡಳಿಯ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಒಳಗೆ ಸೇರಲು ಯಾರಿಗೂ ಧೈರ್ಯವಿರಲಿಲ್ಲ. ಕರೆಯದಿದ್ದರೂ ಹೋದೆ. ಎದ್ದುನಿಂತು, ಅಂದು ನಾನು ಹೇಳಿದ್ದು ತಪ್ಪು, ವರದಿ ಅಕ್ಷರಶಃ ಸರಿ, ‘ಹಗುರ’ ಎಂಬ ಪದವೂ ಸರಿ, ಚಿಕ್ಕ ಮಕ್ಕಳ ಕೊಠಡಿಗಳನ್ನು ಅಳೆಯದೆ ತೆರೆಯಕೂಡದು ಎಂದು ಹೇಳಿದೆ. ನಿಧಾನವಾಗಿ, ಪೂರ್ಣವಿರಾಮಗಳಲ್ಲಿ ನಿಲ್ಲುತ್ತ ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಆಮೇಲೆ ಅಧ್ಯಕ್ಷರು ಮೆಲ್ಲಗೆ, “ಸಾರ್, ಅವತ್ತು ಹೇಳಿದ್ದೂ ನೀವೇ ಅಲ್ವಾ?” ಎಂದರು. ಅವತ್ತು ಹೇಳಿದ್ದೂ ನಾನೇ, ಇವತ್ತು ಹೇಳುತ್ತಿರುವುದೂ ನಾನೇ ಎಂದೆ. “ಹಾಗಾದ್ರೆ ನಾವು ಯಾವ ನಿಮ್ಮನ್ನ ನಂಬೋದು ಸಾರ್?” ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳಿದ್ದರು, ಹಿಂದೆ ಲೆಕ್ಕ ತಿಳಿಯದಾಗ ಮೇಜಿನ ಬಳಿ ಬಂದು ಕೇಳುತ್ತಿದ್ದಂತೆ. ಔಷಧದ ಅಂಗಡಿಯವರು ಒಂದು ಲೋಟ ನೀರು ಕೊಟ್ಟು, “ಬಿಸಿಲಿದೆ ಸಾರ್, ಕೂತ್ಕೊಳ್ಳಿ” ಎಂದರು.

ನನ್ನ ಮಾತಿಗಿದ್ದ ತೂಕ ಹೋಗಿದೆ, ಮಗಳೇ. ಇಲ್ಲಿ ತೂಕವೆಂಬ ಪದವೇ ಸರಿ. ನಾನು ಅಷ್ಟೇ ಇದ್ದೇನೆ, ಅದೇ ಕನ್ನಡಕ, ಅದೇ ವ್ಯಾಕರಣ. ಸುತ್ತಲಿನವರು ಎಳೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಛಂದಸ್ಸಿನ ಪಾಠದಲ್ಲಿ ನಿನಗೆ ಹೇಳಿಕೊಟ್ಟದ್ದು ನೆನಪಾಗುತ್ತದೆ: ‘ಕಲ್ಲು’ ಎಂಬಲ್ಲಿ ಕಕಾರ ತಾನಾಗಿ ಲಘು, ಮುಂದೆ ಒತ್ತಕ್ಷರ ನಿಂತದ್ದರಿಂದ ಗುರುವಾಯಿತು. ಪಕ್ಕದ ಅಕ್ಷರ ಕೊಟ್ಟ ಗೌರವವನ್ನು ನಾನು ನನ್ನದೆಂದುಕೊಂಡಿದ್ದೆ.

ಹೀಗಾಗಿ ನಾನು ಎಷ್ಟು ಕೂಗಿದರೂ ಆ ಬಾಗಿಲುಗಳು ತೆರೆಯುತ್ತವೆ. ಅವನ್ನು ಮುಚ್ಚಿಡಬಲ್ಲದ್ದು ನಿನ್ನ ಪೆಟ್ಟಿಗೆ ತೋರಿಸುವ ಅಂಕಿ ಮಾತ್ರ. ಅಥವಾ ಕೆಳಗೆ ಗಟ್ಟಿ ನೆಲವಿದ್ದರೆ ನಿಶ್ಚಿಂತೆಯಿಂದ ತೆರೆಸಬಲ್ಲದ್ದೂ ಅದೇ. ನೀನು ಬರುವುದಾದರೆ ಶಾಲೆಯ ಎದುರಿನ ವಸತಿಗೃಹದಲ್ಲಿ ಕೋಣೆ ಹೇಳಿಟ್ಟಿದ್ದೇನೆ. ಮನೆಗೆ ಬರಲೇಬೇಕೆಂಬ ಒತ್ತಾಯವಿಲ್ಲ. ಅಮ್ಮ ಅಲ್ಲಿಗೇ ಬಂದು ನಿನ್ನನ್ನು ನೋಡುತ್ತಾಳಂತೆ. ನನ್ನನ್ನು ನೋಡುವುದು ಬೇಡವೆನಿಸಿದರೆ ಅಷ್ಟು ದಿನ ನಾನು ಆ ಬೀದಿಗೆ ಬರುವುದಿಲ್ಲ. ಬಿಸಿಲಿಗೆ ಕೊಡೆ ಹಿಡಿಯಲು ಯಾರಾದರೂ ಬೇಕೆನಿಸಿದರೆ ಹೇಳಿ ಕಳುಹಿಸು. ಕೊಡೆ ಹಿಡಿಯುತ್ತೇನೆ, ಬಾಯಿ ಬಿಡುವುದಿಲ್ಲ. ವರದಿಯನ್ನು ನಿನಗೆ ಬಂದ ಭಾಷೆಯಲ್ಲಿ ಬರೆ. ಬೂಮಿ ಎಂದೇ ಬರೆ ಬೇಕಾದರೆ.

ಈ ಪತ್ರದಲ್ಲಿ ತಪ್ಪುಗಳಿದ್ದರೆ ಇರಲಿ. ಎರಡನೆಯ ಸಲ ಓದಲಿಲ್ಲ.

ಕಾಯುವವನು,
ನಿನ್ನ ಅಪ್ಪ

ತಾ. ಕ.: ಮರೆತದ್ದನ್ನು ಬರೆಯುವ ಜಾಗವಿದು. ಈಗ ಬರೆಯುವುದು ಮರೆತದ್ದಲ್ಲ. ಅಧಿಕಾರಿಣಿಗೆ ‘ನಂಬಿಕೆ ಬಂದಿರಲಿಲ್ಲ’ ಎಂದೆನೆಂದು ಮೇಲೆ ಬರೆದಿದ್ದೇನೆ. ಅವರಿಗೆ ಹೇಳಿದ ಆ ಮಾತು ಸುಳ್ಳು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನಾನು ಬೆಳಿಗ್ಗೆ ಸಭಾಂಗಣದಲ್ಲಿ ಪಾಠ ಹೇಳುತ್ತಿದ್ದುದು ನಿನಗೆ ಗೊತ್ತು. ನೀನು ಹೊರಟುಹೋದ ಮರುದಿನವೇ ಅವರನ್ನು ಬಲ ಮೂಲೆಯಿಂದ ಎಬ್ಬಿಸಿ ಎಡಗಡೆಗೆ ಕೂರಿಸಿದೆ. ಬೆಳಕು ಚೆನ್ನಾಗಿದೆ ಎಂದೆ. ನಾನೂ ಪುಸ್ತಕದ ಬೀರುವಿಗೆ ಹೋಗಲು ನೇರ ದಾರಿ ಬಿಟ್ಟು ಗೋಡೆ ಹಿಡಿದು ಸುತ್ತಿ ಹೋಗುತ್ತಿದ್ದೆ, ದಿನವೂ. ಗಂಟೆಯಣ್ಣ ಒಮ್ಮೆ ಪೊರಕೆ ನಿಲ್ಲಿಸಿ, “ನೆಲ ಒದ್ದೆ ಇಲ್ಲ ಮೇಷ್ಟ್ರೇ, ಹೀಗೇ ಬನ್ನಿ” ಎಂದು ಕರೆದ. ಅವನು ಆ ಮೂಲೆಯಲ್ಲೇ ನಿಂತಿದ್ದ. ನನಗೆ ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ ಎಂದೆ. ಅವನಿಗೆ ಬೇರೇನೂ ಹೇಳಲಿಲ್ಲ. ಸೋಮವಾರ ಅಧಿಕಾರಿಣಿಯ ಬಳಿಗೆ ಹೋಗಿ ಇದನ್ನು ಬರೆಸುತ್ತೇನೆ. ಗಂಟೆಯಣ್ಣನಿಗೂ ಹೇಳಬೇಕು. ಬೆಳಗಿನಿಂದ ಹಾಳೆಯ ಮೇಲೆ ಬರೆದು ಬರೆದು ನೋಡುತ್ತಿದ್ದೇನೆ. ಅದಕ್ಕೆ ವಾಕ್ಯ ಸಿಕ್ಕಿಲ್ಲ.